ಒಂದು ವಾರ ಹಾಳೆಗಳು ನಿನ್ನ ಹತ್ತಿರ ಇರಲಿ

ಜೂನ್ 20

ಮೇಷ್ಟ್ರೇ, ನಮಸ್ಕಾರ.

ಈ ಕಾಗದ ಯಾರದ್ದೆಂದು ತಿಳಿಯದಿದ್ದರೆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಬರೆದು, ಅಳಿಸಿ, ಮತ್ತೆ ಬರೆದು ಎರಡು ಕಡೆ ತೆಳ್ಳಗಾಗಿದೆ. ಹೌದು, ನಿಮ್ಮ ಮೂರನೇ ತರಗತಿಯ ರಬ್ಬರಮ್ಮನೇ. ನಿಮಗೆ ಫೋನಿನಲ್ಲಿ ಕಿವಿ ಕೇಳಿಸುವುದಿಲ್ಲ, ಕಾಗದವಾದರೆ ಎರಡು ಸಲ ಓದುತ್ತೀರಿ ಎಂದು ಸ್ಕೂಲಿನ ಅಟೆಂಡರಮ್ಮ ನಿಮ್ಮ ತಂಗಿಯ ಮನೆಯ ವಿಳಾಸ ಕೊಟ್ಟರು.

ಯಾವ ಸ್ಕೂಲು ಅಂತೀರಾ? ನಿಮ್ಮದೇ. ನೀವು ಬಿಟ್ಟುಹೋದ ಕುರ್ಚಿಯಲ್ಲೇ ಕೂತಿದ್ದೇನೆ. ಅದರ ಹಿಂಗಾಲು ಇನ್ನೂ ಅಲ್ಲಾಡುತ್ತದೆ. ಒಂದರಿಂದ ಐದನೇ ತರಗತಿಯವರೆಗೆ ಡ್ರಾಯಿಂಗ್ ಟೀಚರ್, ಸದ್ಯಕ್ಕೆ ತಾತ್ಕಾಲಿಕ. ಸೇರಿದ ದಿನವೇ ಹೆಡ್‌ಮೇಡಂ ಕೂರಿಸಿಕೊಂಡು ಹೇಳಿದರು: "ನೋಡೀಮ್ಮಾ, ನವೆಂಬರ್‌ನಲ್ಲಿ ಚಿತ್ರಪ್ರದರ್ಶನ. ಆಡಳಿತ ಮಂಡಳಿಯವರು ಬರ್ತಾರೆ. ಡ್ರಾಯಿಂಗ್ ಪೀರಿಯಡ್ ಇರಬೇಕೋ, ಅದನ್ನ ಗಣಿತಕ್ಕೆ ಕೊಡಬೇಕೋ ಅಂತ ಅವತ್ತೇ ತೀರ್ಮಾನ ಮಾಡ್ತಾರೆ. ಮೇಷ್ಟ್ರು ಇದ್ದಾಗ ಈ ಮಾತೇ ಏಳ್ತಿರಲಿಲ್ಲ."

ಅವರ ಕೋಣೆಯಲ್ಲಿ ಹಳೆಯ ಪ್ರದರ್ಶನದ ಚಿತ್ರಗಳಿಗೆ ಕಟ್ಟು ಹಾಕಿಸಿ ಸಾಲಾಗಿ ತೂಗುಹಾಕಿದ್ದಾರೆ. ಅವುಗಳಲ್ಲೊಂದು ಗೋಡೆಗೆ ಒರಗಿಸಿದ ಸೈಕಲ್ಲಿನ ಚಿತ್ರ, ನೆರಳು ಸಮೇತ. ಕೆಳಗೆ 'ಎರಡನೇ ತರಗತಿ' ಎಂದಿದೆ. ನನ್ನ ಎರಡನೇ ತರಗತಿಯವರು ಸೈಕಲ್ ಬರೆದರೆ ಒಂದು ಚಕ್ರ ಹಾಳೆಯ ಆ ತುದಿಯಲ್ಲಿ, ಇನ್ನೊಂದು ಈ ತುದಿಯಲ್ಲಿ. ನಡುವೆ ಸೂರ್ಯ. ಏಳು ವರ್ಷದ ಕೈಗೆ ನೀವು ನೆರಳು ಕಲಿಸಿದ್ದು ಹೇಗೆ? ಅದೊಂದು ಹೇಳಿಕೊಡಿ, ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ.

ಮಗಳಿಗೆ ಏಳು ತಿಂಗಳು. ಅವಳು ಮಲಗುವುದಿಲ್ಲ, ಹಾಗಾಗಿ ನಾನೂ ಮಲಗುವುದಿಲ್ಲ. ಹಗಲು ಅತ್ತೆ ನೋಡಿಕೊಳ್ಳುತ್ತಾರೆ. ಅಕ್ಷರ ಸೊಟ್ಟಗಿದ್ದರೆ ಮನ್ನಿಸಿ.

ನಿಮ್ಮ ರಬ್ಬರಮ್ಮ


ಜುಲೈ 2

ರಬ್ಬರಮ್ಮನಿಗೆ ಆಶೀರ್ವಾದ.

ನನ್ನ ಕುರ್ಚಿಯಲ್ಲಿ ನೀನು ಕೂತಿರುವುದನ್ನು ಓದಿ ತಂಗಿಯನ್ನು ಕರೆದು ಹೇಳಿದೆ. "ಕಾಲು ಅಲ್ಲಾಡುತ್ತೆ ಅಂತ ಬರೆದಿದಾಳಲ್ಲ, ಅದಕ್ಕೇನು ಅಷ್ಟು ಖುಷಿ" ಎಂದಳು. ಆ ಕಾಲಿಗೆ ರಟ್ಟು ಮಡಚಿ ಇಡು.

ಒಂದಿಷ್ಟು ಮಾತು ಬರೆದುಕೋ. ಮೊದಲ ಎರಡು ತಿಂಗಳು ಕಪ್ಪು ಬಣ್ಣ ಮಕ್ಕಳ ಕೈಗೆ ಕೊಡಬೇಡ, ಎಲ್ಲದರೊಳಗೂ ಕಲಸಿ ಕೆಸರು ಮಾಡುತ್ತವೆ. ನೀರಿನ ಮಗ್ಗು ಇಬ್ಬರಿಗೆ ಒಂದೇ, ಅದೂ ಅರ್ಧ. ಬ್ರಷ್ಷುಗಳನ್ನು ಕೂದಲು ಮೇಲಾಗಿ ನಿಲ್ಲಿಸು. ಹಿಂದಿನ ಬೆಂಚಿನವರಿಗೆ ಹಾಳೆ ಮೊದಲು ಕೊಡು, ಮುಂದಿನವರು ಹೇಗೂ ಕೇಳಿ ತೆಗೆದುಕೊಳ್ಳುತ್ತಾರೆ.

ಪ್ರದರ್ಶನದ ಬಗ್ಗೆ: ಒಂದು ವಾರ ಮೊದಲು ಎಲ್ಲ ಹಾಳೆಗಳನ್ನೂ ಸಂಗ್ರಹಿಸಿಬಿಡು. ಆ ಒಂದು ವಾರ ಹಾಳೆಗಳು ನಿನ್ನ ಹತ್ತಿರ ಇರಲಿ. ಬೇರೆ ಯಾರ ಕೈಗೂ ಕೊಡಬೇಡ. ನೆರಳು ಗಿರಳು ಎಲ್ಲ ನಿಧಾನಕ್ಕೆ ಬರುತ್ತದೆ.

ಮಗು ಮಲಗುವಾಗ ನೀನೂ ಮಲಗು.

ಇಂತಿ ನಿನ್ನ ಮೇಷ್ಟ್ರು


ಆಗಸ್ಟ್ 8

ಮೇಷ್ಟ್ರೇ, ನಮಸ್ಕಾರ.

ರಟ್ಟು ಇಟ್ಟೆ, ಕುರ್ಚಿ ನಿಂತಿತು. ನನ್ನ ಸುದ್ದಿಯಲ್ಲಿ ನೆಟ್ಟಗಾಗಿದ್ದು ಅದೊಂದೇ.

ನಲವತ್ತು ನಿಮಿಷದ ಪೀರಿಯಡ್ಡು. ಕ್ಲಾಸಿಗೆ ಮೂವತ್ತಾರು ಮಕ್ಕಳು, ಒಂದೇ ನಲ್ಲಿ. ನೀರು ತರಲು ಹತ್ತು ನಿಮಿಷ, ಚೆಲ್ಲಲು ಎರಡು, ಒರೆಸಲು ಎಂಟು. ಉಳಿದದ್ದರಲ್ಲಿ ಅರ್ಧ ಕ್ಲಾಸು "ಮಿಸ್, ಏನ್ ಬರೀಬೇಕು?" ಎನ್ನುತ್ತದೆ, ಇನ್ನರ್ಧ "ಮಿಸ್, ಆಯ್ತು" ಎನ್ನುತ್ತದೆ. ಬರೆಯುತ್ತಿರುವವರು ಯಾರೆಂದು ನಾನಿನ್ನೂ ಕಂಡುಹಿಡಿಯಬೇಕು. ಮೊನ್ನೆ ಗಣಿತದ ಮೇಡಂ ಬಾಗಿಲಲ್ಲಿ ನಿಂತು, "ಹೇಗೂ ಡ್ರಾಯಿಂಗ್ ತಾನೇ, ಈ ಪೀರಿಯಡ್ ನಂಗೆ ಬಿಟ್ಟುಕೊಡಿ ಮಿಸ್, ಭಾಗಾಕಾರ ಬಾಕಿ ಇದೆ" ಎಂದರು. ಬಿಟ್ಟುಕೊಟ್ಟೆ. ನಿಜ ಹೇಳಬೇಕೆಂದರೆ ಉಸಿರು ಬಿಟ್ಟ ಹಾಗಾಯಿತು, ಆಮೇಲೆ ಸ್ಟಾಫ್‌ರೂಮಿನಲ್ಲಿ ಕೂತು ನನ್ನನ್ನೇ ಬೈದುಕೊಂಡೆ.

ಬೋರ್ಡಿನ ಮೇಲೆ ಬರೆದು ತೋರಿಸಿದರೆ ಮೂವತ್ತಾರೂ ಅದನ್ನೇ ಬರೆಯುತ್ತವೆ, ನಾನು ತಪ್ಪಾಗಿ ಎಳೆದ ಗೆರೆ ಸಮೇತ. ತೋರಿಸದಿದ್ದರೆ ಕಡ್ಡಿ ಮನುಷ್ಯರು. ಕೈ ಹಿಡಿದು ತಿದ್ದೋಣವೆಂದರೆ ಒಬ್ಬರ ಕೈ ಹಿಡಿದಾಗ ಮೂವತ್ತೈದು ಜನ ಎದ್ದಿರುತ್ತಾರೆ.

ಒಂದು ವಿಷಯ ಕೇಳಬೇಕು. ಮೂರನೇ ತರಗತಿಯಲ್ಲಿ ನಾನು ಕಿಟಕಿ ಕಟ್ಟೆಯ ಮೇಲೆ ಕೂತ ಪಾರಿವಾಳ ಬರೆದು ಮೊದಲ ಬಹುಮಾನ ತೆಗೆದುಕೊಂಡೆನಲ್ಲ, ಅದು ಇವತ್ತಿಗೂ ಅಮ್ಮನ ಮನೆಯ ಹಾಲಿನಲ್ಲಿದೆ. ಒಂದೊಂದು ಗರಿಯೂ ಬೇರೆ ಬೇರೆ. ಆ ಒಂದು ಚಿತ್ರದ ಬಲದ ಮೇಲೆ ಅಪ್ಪನ ಹತ್ತಿರ ಹಟ ಮಾಡಿ ಚಿತ್ರಕಲಾ ಕಾಲೇಜು ಸೇರಿದವಳು ನಾನು. ಆದರೆ ಅದನ್ನು ನೀವು ನನಗೆ ಕಲಿಸಿದ್ದು ಹೇಗೆಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ. ನೀವು ಹಿಂದೆ ನಿಂತಿದ್ದು ನೆನಪಿದೆ, ನಿಮ್ಮ ಜೇಬಿನ ಪೆಪ್ಪರ್‌ಮಿಂಟ್ ವಾಸನೆ ನೆನಪಿದೆ. ಏನು ಹೇಳಿದಿರಿ? ಅದು ಗೊತ್ತಾದರೆ ಅದನ್ನೇ ಇವರಿಗೂ ಹೇಳುತ್ತೇನೆ.

ಮಗಳಿಗೆ ಹಲ್ಲು ಬರುತ್ತಿದೆ. ನಿದ್ದೆಯ ಬಗ್ಗೆ ಕೇಳಬೇಡಿ.

ರಬ್ಬರಮ್ಮ


ಆಗಸ್ಟ್ 29

ರಬ್ಬರಮ್ಮನಿಗೆ,

ಎಡಗಣ್ಣಿಗೆ ಪೊರೆ ತೆಗೆಸಿದೆ, ಅದಕ್ಕೇ ತಡ. ಈಗ ಎಲ್ಲವೂ ಬೇಕಾದ್ದಕ್ಕಿಂತ ಹೆಚ್ಚು ಸ್ಪಷ್ಟವಾಗಿ ಕಾಣಿಸುತ್ತದೆ. ತಂಗಿಯ ಮುಖದ ಸುಕ್ಕು ಎಣಿಸಿ ಹೇಳಿ ಬೈಸಿಕೊಂಡೆ.

ಹಾಳೆಯನ್ನು ನಾಲ್ಕಾಗಿ ಮಡಿಸಿ ಬಿಡಿಸಲು ಹೇಳು. ಆ ಮಡಿಕೆಯ ಗೆರೆ ನೋಡಿಕೊಂಡು ಬರೆದರೆ ಮಕ್ಕಳು ಎಲ್ಲವನ್ನೂ ಮೂಲೆಗೆ ತುರುಕುವುದಿಲ್ಲ. ನಲ್ಲಿಗೆ ಇಬ್ಬರನ್ನು ಲೀಡರ್ ಮಾಡು, ಗಲಾಟೆ ಮಾಡುವವರನ್ನೇ. ಗಣಿತದವರಿಗೆ ಪೀರಿಯಡ್ ಕೊಡಬೇಡ. ಒಮ್ಮೆ ಕೊಟ್ಟರೆ ವಾಪಸ್ ಬರುವುದಿಲ್ಲ.

ನಾಲ್ಕು ಗಂಟೆಯ ಮೇಲೆ ಆ ಕೋಣೆಯಲ್ಲಿ ಒಳ್ಳೆಯ ಬೆಳಕಿರುತ್ತದೆ, ಸದ್ದೂ ಇರುವುದಿಲ್ಲ. ನನ್ನ ಕೆಲಸವೆಲ್ಲ ಆಗಿದ್ದು ಆಗಲೇ.

ಪಾರಿವಾಳದ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಕಣ್ಣು ದಣಿದಿದೆ.

ಮೇಷ್ಟ್ರು


ಅಕ್ಟೋಬರ್ 11

ಮೇಷ್ಟ್ರೇ,

ಆರು ವಾರ ಕಾಗದ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ.

ಪ್ರದರ್ಶನಕ್ಕೆ ಹೆಡ್‌ಮೇಡಂ ಕೊಟ್ಟ ವಿಷಯ 'ಪ್ರಯಾಣ'. ಬಸ್ಸು, ರೈಲು, ದೋಣಿ. ಒಂದು ತಿಂಗಳಿಂದ ಅದನ್ನೇ ಬರೆಸುತ್ತಿದ್ದೇನೆ. ಮಡಿಸಿ ಬಿಡಿಸಿದೆವು, ಮಗ್ಗು ಅರ್ಧ ತುಂಬಿಸಿದೆವು, ಕಪ್ಪು ಬಚ್ಚಿಟ್ಟೆ. ನೀವು ಹೇಳಿದ್ದು ಒಂದನ್ನೂ ಬಿಡಲಿಲ್ಲ. ಆದರೂ ಮೊನ್ನೆ ಹೆಡ್‌ಮೇಡಂ ಹಾಳೆಗಳ ಕಟ್ಟು ತಿರುವಿಹಾಕಿ, "ಇದೇನ್ರೀ ಇದು? ಇದನ್ನ ಗೋಡೆಗೆ ಹಾಕ್ತೀರಾ? ರೈಲು ಆಕಾಶದಲ್ಲಿ ಹೋಗ್ತಿದೆ!" ಎಂದರು. ಹಾಳೆ ತಲೆಕೆಳಗಾಗಿ ಹಿಡಿದಿದ್ದರು, ಆದರೆ ತಿರುಗಿಸಿ ಹಿಡಿದರೂ ಹೆಚ್ಚೇನೂ ಬದಲಾಗಲಿಲ್ಲ.

ಎರಡನೇ ತರಗತಿಯಲ್ಲಿ ಒಬ್ಬಳಿದ್ದಾಳೆ. ಎಲ್ಲರೂ ಗುಬ್ಬಚ್ಚಿ ಅಂತಾರೆ, ಅಷ್ಟು ಚಿಕ್ಕವಳು. ಬಸ್ಸು ಬರೆದಳು, ಡ್ರೈವರ್ ಸೀಟಿನಲ್ಲಿ ಅವಳ ಅಮ್ಮ. ಅಮ್ಮ ಬಸ್ಸಿಗಿಂತ ಎತ್ತರ, ತಲೆ ಛಾವಣಿ ದಾಟಿದೆ. ಕೈಗಳೇ ಇಲ್ಲ.

"ಅಮ್ಮನ ಕೈ ಎಲ್ಲಿ?" ಎಂದೆ.

"ಜೇಬಲ್ಲಿದೆ ಮಿಸ್."

"ಕೈ ಜೇಬಲ್ಲಿಟ್ಕೊಂಡು ಬಸ್ ಹೇಗೆ ಓಡಿಸ್ತಾರೆ?"

"ಬಸ್ ನಿಂತಿದೆ ಮಿಸ್."

ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ನನಗೆ ತಲೆ ಕೆಟ್ಟಿತು. ಕೈ ಬರೆಯಲು ಬೇಜಾರಾಗಿ ಇವಳು ಮಾತು ಹೆಣೆಯುತ್ತಿದ್ದಾಳೆ ಎನ್ನಿಸಿ, "ಕೈ ಬರೆಯೋಕೆ ಬರಲ್ಲ ಅಂತ ಒಪ್ಪಿಕೋ, ನಾಟಕ ಮಾಡಬೇಡ" ಎಂದು ರೇಗಿದೆ. ಏಳು ವರ್ಷದವಳ ಮೇಲೆ. ಅವಳು ಅಳಲಿಲ್ಲ. ಹಾಳೆಯ ಮೇಲೆ ಅಂಗೈ ಮುಚ್ಚಿ ಕೂತಳು.

ಮೇಷ್ಟ್ರೇ, ಇನ್ನು ನಾಲ್ಕು ವಾರ. ನನಗೆ ಬರೆಯಲು ಬರುತ್ತದೆ, ಕಲಿಸಲು ಬರುವುದಿಲ್ಲ. ಅಷ್ಟೇ ಅಲ್ಲವೇ? ನೇರವಾಗಿ ಹೇಳಿಬಿಡಿ. ಪೀರಿಯಡ್ ಹೋದರೆ ಅದು ನನ್ನಿಂದ ಹೋಯಿತು ಎಂದಾಗುತ್ತದೆ. ಮೂವತ್ತೊಂದು ವರ್ಷ ನೀವು ಉಳಿಸಿದ್ದನ್ನು ನಾನು ಐದು ತಿಂಗಳಲ್ಲಿ ಕಳೆದೆ ಎಂದು.

ರಬ್ಬರಮ್ಮ


ಅಕ್ಟೋಬರ್ 19

ರಬ್ಬರಮ್ಮನಿಗೆ,

ಗಾಬರಿಯಾಗಬೇಡ. ನಿನ್ನ ಕೈ ಒಳ್ಳೆಯ ಕೈ, ಅದು ನಿನ್ನ ಹತ್ತಿರ ಇದ್ದೇ ಇದೆ.

ಒಂದು ವಾರ ಹಾಳೆಗಳು ನಿನ್ನ ಹತ್ತಿರ ಇರಲಿ ಎಂದಿದ್ದೆನಲ್ಲ. ಅದನ್ನು ಮಾಡಿದೆಯಾ? ಮಿಕ್ಕ ಯಾವ ಮಾತು ಮರೆತರೂ ಅದೊಂದನ್ನು ಮರೆಯಬೇಡ.

ಮೇಷ್ಟ್ರು


ಅಕ್ಟೋಬರ್ 27

ಮೇಷ್ಟ್ರೇ,

ಮಾಡಿದೆ. ನಿಮ್ಮ ಕಾಗದ ಬರುವ ಮೊದಲೇ ಮಾಡಿದ್ದೆ. ನೂರ ಎಂಬತ್ತು ಹಾಳೆಗಳನ್ನೂ ಮನೆಗೆ ತಂದು, ಪೇಪರು ಹಾಸಿ, ಹಾಸಿಗೆಯ ಕೆಳಗೆ ಇಟ್ಟೆ. ಸುಕ್ಕು ಹೋಗಲಿ ಅಂತ ತಾನೇ ನೀವು ಹೇಳಿದ್ದು? ಇವರು ಮಲಗಿ, "ಬಸ್ಸು ರೈಲು ಎಲ್ಲ ಬೆನ್ನ ಮೇಲೇ ಓಡ್ತಿವೆ ಕಣೇ" ಎಂದು ನಕ್ಕರು. ಅತ್ತೆ ನನ್ನ ಪಾಡು ನೋಡಲಾರದೆ ಇಸ್ತ್ರಿಪೆಟ್ಟಿಗೆ ತಂದು, ಮೇಲೊಂದು ಬಟ್ಟೆ ಹಾಸಿ, ಒಂದೊಂದಾಗಿ ಇಸ್ತ್ರಿ ಮಾಡಿದರು.

ಎಂಟು ದಿನವಾಯಿತು. ಸುಕ್ಕು ಹೋಯಿತು ಮೇಷ್ಟ್ರೇ, ಸೊಟ್ಟ ಹೋಗಲಿಲ್ಲ. ಆ ಒಂದು ವಾರದಲ್ಲಿ ಏನಾಗಬೇಕಿತ್ತು?

ರಬ್ಬರಮ್ಮ


ನವೆಂಬರ್ 1

ರಬ್ಬರಮ್ಮಾ,

ನಿನ್ನ ಕಾಗದ ಓದಿ ತಂಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ, "ಆ ಹುಡುಗಿಗೆ ಇನ್ನೂ ಹೇಳಿಲ್ವಾ ನೀನು?" ಎಂದಳು. ನಗು ಅಲ್ಲಿಗೇ ನಿಂತಿತು.

ಆ ಒಂದು ವಾರ ನಾನು ಹಾಳೆಗಳನ್ನು ತಿದ್ದುತ್ತಿದ್ದೆ. ನಾಲ್ಕರ ಮೇಲೆ, ಬಾಗಿಲು ಮುಂದಕ್ಕೆ ಮಾಡಿಕೊಂಡು.

ಮೊದಲ ವರ್ಷ ಮಕ್ಕಳು ಬರೆದದ್ದನ್ನೇ ಗೋಡೆಗೆ ಹಾಕಿದೆ. ಮಂಡಳಿಯವರೊಬ್ಬರು, "ಏನ್ ಮೇಷ್ಟ್ರೇ, ಕೋಳಿ ಕೆದರಿದ ಹಾಗಿದೆ, ಇದಕ್ಕೊಬ್ಬ ಮೇಷ್ಟ್ರು ಬೇಕಾ?" ಎಂದರು. ಮಾರನೇ ವರ್ಷ ಒಂದು ಮನೆಯ ಬಾಗಿಲಿನ ಗೆರೆ ನೇರ ಮಾಡಿದೆ, ಅದೊಂದೇ. ಬಾಗಿಲು ನೇರವಾದ ಮೇಲೆ ಗೋಡೆ ಸೊಟ್ಟ ಕಾಣಿಸಿತು. ಗೋಡೆ ಸರಿಮಾಡಿದೆ, ಛಾವಣಿ ವಾಲಿತು. ಸಂಜೆಯ ಹೊತ್ತಿಗೆ ಇಡೀ ಮನೆ ನನ್ನದಾಗಿತ್ತು. ಆ ಸಲ ಯಾರೂ ಕೋಳಿಯ ಮಾತೆತ್ತಲಿಲ್ಲ. ಪೀರಿಯಡ್ ಉಳಿಯಿತು. ಆ ವರ್ಷದಿಂದ ಮೂವತ್ತು ವರ್ಷ ಹೀಗೇ.

ನೀನು ಕೇಳಿದ ಸೈಕಲ್ಲು ನನ್ನದು. ಪಾರಿವಾಳವೂ. ನೀನು ಅಳಿಸಿ ಅಳಿಸಿ ಹಾಳೆ ತೂತು ಮಾಡಿಟ್ಟಿದ್ದೆ. ಹಿಂದಿನಿಂದ ಒಂದು ತುಂಡು ಅಂಟಿಸಿ ಅದರ ಮೇಲೆ ಬರೆದೆ. ಕಿಟಕಿಯ ಕಟ್ಟೆ ಮಾತ್ರ ನಿನ್ನದು. ನಾನು ಏನು ಹೇಳಿಕೊಟ್ಟೆ ಎಂದು ನೀನು ಕೇಳಿದ್ದೆ. ಏನೂ ಹೇಳಿಕೊಡಲಿಲ್ಲ, ಅದಕ್ಕೇ ನಿನಗೆ ನೆನಪಿಲ್ಲ.

ಇನ್ನೂ ಏಳು ದಿನವಿದೆ. ನನಗಿಂತ ನಿನ್ನ ಕೈ ಚೆನ್ನಾಗಿದೆ. ಮೆತ್ತನೆಯ 4ಬಿ ಪೆನ್ಸಿಲ್ ತೆಗೆದುಕೋ, ಹಗುರ ಕೈಯಲ್ಲಿ ಮಾಡು. ಪೀರಿಯಡ್ ಉಳಿಸಿಕೋ, ಕಲಿಸುವುದನ್ನು ಆಮೇಲೆ ನೋಡೋಣ. ನನ್ನನ್ನು ಬೈಯುವುದಿದ್ದರೆ ಎಂಟನೇ ತಾರೀಖಿನ ನಂತರ ಬೈದುಕೋ.

ಮೇಷ್ಟ್ರು


ನವೆಂಬರ್ 14

ರಬ್ಬರಮ್ಮಾ,

ಪ್ರದರ್ಶನ ಮುಗಿದು ಆರು ದಿನವಾಯಿತು. ನನ್ನ ಕಾಗದ ತಲುಪಿತೇ? ದಿನಾ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ ಎಂದು ತಂಗಿ ಆಡಿಕೊಳ್ಳುತ್ತಾಳೆ. ಒಂದು ಸಾಲು ಬರೆ.

ಮೇಷ್ಟ್ರು


ನವೆಂಬರ್ 20

ನಿಮ್ಮ ಎರಡೂ ಕಾಗದಗಳು ತಲುಪಿದವು. ಉತ್ತರ ಬರೆಯಲು ಕೂತು ಮೂರು ಸಲ ಹರಿದು ಹಾಕಿದೆ. ಈಗ ಪೆನ್ನಿನಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಮ್ಮನಿಗೆ ಫೋನ್ ಮಾಡಿ ಫ್ರೇಮ್ ಬಿಚ್ಚಿ ನೋಡಲು ಹೇಳಿದೆ. ಹಿಂದೆ ಚೌಕಾಕಾರದ ತುಂಡು ಅಂಟಿಸಿದೆಯಂತೆ. "ಅಯ್ಯೋ, ಇರಲಿ ಬಿಡೇ, ನೋಡೋಕೆ ಚೆನ್ನಾಗಿದೆಯಲ್ಲ" ಎಂದರು. ಎಲ್ಲರೂ ಆಡುವ ಮಾತು ಅದೇ, ನೋಡೋಕೆ ಚೆನ್ನಾಗಿದೆಯಲ್ಲ.

ಪ್ರದರ್ಶನಕ್ಕೆ ಎರಡು ದಿನ ಮೊದಲು, ಗುರುವಾರ, ಹಾಳೆಗಳನ್ನು ಸ್ಕೂಲಿಗೆ ವಾಪಸ್ ತಂದು ಸಂಜೆ ನಾಲ್ಕಕ್ಕೆ ನಿಮ್ಮ ಕೋಣೆಯಲ್ಲಿ ಕೂತೆ. ಅಟೆಂಡರಮ್ಮ ಇಣುಕಿ, "ಬಾಗಿಲು ಮುಂದಕ್ಕೆ ಮಾಡ್ಲಾ? ಮೇಷ್ಟ್ರು ಹಾಗೇ ಮಾಡಿಸ್ಕೋತಿದ್ರು" ಎಂದರು. ಅವರಿಗೂ ಗೊತ್ತಿತ್ತು! ಕೈಗೆ ಬಂದ ಮೂರು ಹಾಳೆ ತಿದ್ದಿದೆ. ಸುಳ್ಳು ಯಾಕೆ ಹೇಳಲಿ, ಕೈಗೆ ಹಿತವಾಗಿತ್ತು. ಐದು ತಿಂಗಳಲ್ಲಿ ಮೊದಲ ಸಲ ಆ ಕೋಣೆಯಲ್ಲಿ ನಾನು ಅಂದುಕೊಂಡದ್ದು ಅಂದುಕೊಂಡ ಹಾಗೆ ಬಂತು. ನಾಲ್ಕನೆಯದಕ್ಕೆ ಕೈ ಹಾಕದೇ ಇದ್ದದ್ದು ಮನಸ್ಸಾಕ್ಷಿಯಿಂದ ಎಂದು ತಿಳಿಯಬೇಡಿ. ಅತ್ತೆ ಫೋನ್ ಮಾಡಿದರು, ಮಗುವಿಗೆ ಜ್ವರ. ಎದ್ದು ಓಡಿದೆ. ಶುಕ್ರವಾರ ರಜೆ ಹಾಕಿದೆ. ಮಿಕ್ಕ ನೂರ ಎಪ್ಪತ್ತೇಳು ಹಾಳೆಗಳನ್ನು ಅಟೆಂಡರಮ್ಮ ಇದ್ದ ಹಾಗೇ ಗೋಡೆಗೆ ಅಂಟಿಸಿದರು.

ಶನಿವಾರ ಪ್ರದರ್ಶನಕ್ಕೆ ಬಂದ ಮಂಡಳಿಯ ಅಧ್ಯಕ್ಷರು ಕೈ ಹಿಂದೆ ಕಟ್ಟಿಕೊಂಡು, ಬಸ್ಸು ತಪ್ಪಿಹೋಗುತ್ತದೇನೋ ಎನ್ನುವ ಹಾಗೆ ಕಾರಿಡಾರಿನುದ್ದಕ್ಕೂ ನಡೆದರು. ಮೂರು ಕಡೆ ಮಾತ್ರ ನಿಂತರು. "ಇದಪ್ಪಾ ಚಿತ್ರ ಅಂದ್ರೆ!" ಎಂದರು. ಆ ಮೂರಕ್ಕೇ ಬಹುಮಾನ. ಪೀರಿಯಡ್ ಇನ್ನೊಂದು ವರ್ಷ ಇರಲಿ, ಟೀಚರೂ ಇರಲಿ, ಮುಂದಿನ ಸಲ ಎಲ್ಲವೂ ಈ ಮೂರರ ಹಾಗೇ ಇರಬೇಕು ಎಂದು ಅಲ್ಲೇ ನಿಂತು ಹೇಳಿದರು. ನೀವು ಹೇಳಿದ ಉಪಾಯ ಫಲಿಸಿತು, ಸಂತೋಷವೇ?

ಆ ಮೂರರಲ್ಲಿ ಒಂದು ಗುಬ್ಬಚ್ಚಿಯದು. ಅವಳು ಅಮ್ಮನ ಜೊತೆ ಬಂದಿದ್ದಳು. ಅಮ್ಮ ಬಸ್ ಡ್ರೈವರ್, ಯೂನಿಫಾರ್ಮಿನಲ್ಲೇ ಬಂದಿದ್ದರು. ಹುಡುಗಿ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದು ನನ್ನ ಹತ್ತಿರ ಬಂದಳು.

"ನಂದು ಎಲ್ಲಿ ಮಿಸ್?"

"ಇದೇ ಅಲ್ವೇನೇ? ನೋಡು, ಬಹುಮಾನ ಬೇರೆ ಬಂದಿದೆ."

ಅವಳು ಅದನ್ನೇ ದಿಟ್ಟಿಸಿ ನೋಡಿದಳು. ನಾನು ಅಮ್ಮನನ್ನು ಬಸ್ಸಿನೊಳಗೆ ಹಿಡಿಸುವಷ್ಟು ಚಿಕ್ಕದು ಮಾಡಿದ್ದೆ, ಸ್ಟೇರಿಂಗ್ ಮೇಲೆ ಎರಡು ಕೈ ಇಟ್ಟಿದ್ದೆ, ಚಕ್ರದ ಹಿಂದೆ ಧೂಳು ಎಬ್ಬಿಸಿದ್ದೆ.

"ನನ್ ಬಸ್ ನಿಂತಿತ್ತು ಮಿಸ್. ಇದು ಓಡ್ತಿದೆ."

"ಸುಮ್ನಿರೇ, ಎಲ್ಲರೆದುರು" ಎಂದು ಅವರಮ್ಮ ಅವಳ ಭುಜ ಅದುಮಿ ನನ್ನ ಕಡೆ ನಕ್ಕರು. "ಕೊನೇ ಸ್ಟಾಪಲ್ಲಿ ಹತ್ತು ನಿಮಿಷ ಗಾಡಿ ನಿಲ್ಸಿರ್ತೀನಿ ಮಿಸ್, ಇವಳು ಸ್ಕೂಲ್ ಬಿಟ್ಟು ಅಲ್ಲಿಗೆ ಬರ್ತಾಳೆ. ನಂಗೆ ಇವಳ ಜೊತೆ ಕೂತ್ಕೊಳ್ಳೋಕೆ ಸಿಗೋದು ಅಷ್ಟೇ ಹೊತ್ತು. ಅದನ್ನೇ ಬರ್ದಿದೀನಿ ಅಂದಿದ್ಲು, ಯಾಕೋ ಆಮೇಲೆ ಬದಲಾಯಿಸಿದಾಳೆ."

ನಾನು "ಹೂಂ" ಎಂದೆ ಮೇಷ್ಟ್ರೇ. ಅಷ್ಟೇ ಎಂದೆ. ಅವಳು ಬಹುಮಾನವಾಗಿ ಬಂದ ಬಣ್ಣದ ಡಬ್ಬಿ ಎದೆಗವಚಿಕೊಂಡು ಹೋದಳು. ನನ್ನ ಕಡೆ ತಿರುಗಿ ನೋಡಲಿಲ್ಲ.

ಸೋಮವಾರ ಹೆಡ್‌ಮೇಡಂ ಹತ್ತಿರ ಹೋಗಿ, ಆ ಮೂರೂ ನಾನು ಬರೆದದ್ದು ಎಂದೆ. ಅವರು ಫೈಲಿನಿಂದ ತಲೆ ಎತ್ತಲಿಲ್ಲ. "ನಂಗೆ ಗೊತ್ತಿಲ್ವೇನ್ರೀ? ಇಷ್ಟು ವರ್ಷ ಏನು ನೋಡ್ಕೊಂಡ್ ಬಂದಿದೀನಿ? ಮಿಕ್ಕಿದ್ದೂ ಮಾಡಿಬಿಡೋದಲ್ವಾ ಅಂತ ಬೇಜಾರಾಗಿತ್ತು."

ಹಾಗಾದರೆ ಸ್ಕೂಲಿನಲ್ಲಿ ಗೊತ್ತಿಲ್ಲದಿದ್ದವರು ಮಕ್ಕಳು ಮಾತ್ರ. ಒಂದೇ ಒಂದು ಪ್ರಶ್ನೆ ಕೇಳುತ್ತೇನೆ, ಕಣ್ಣು ದಣಿದಿದೆ ಎನ್ನಬೇಡಿ. ಮೂವತ್ತೊಂದು ವರ್ಷದಲ್ಲಿ ಒಂದು ಮಗುವಾದರೂ ತನ್ನದನ್ನು ಹುಡುಕಿಕೊಂಡು ನಿಮ್ಮ ಹತ್ತಿರ ಬಂದಿತ್ತೇ?

ಡ್ರಾಯಿಂಗ್ ಟೀಚರ್


ನವೆಂಬರ್ 28

ಟೀಚರಮ್ಮನಿಗೆ,

ಬಂದಿದ್ದವು. ಪ್ರತಿ ವರ್ಷ ನಾಲ್ಕೋ ಐದೋ ಬರುತ್ತಿದ್ದವು. "ಇದೇ ನಿಂದು" ಎನ್ನುತ್ತಿದ್ದೆ. ಎರಡನೇ ವರ್ಷ ಅದೇ ಮಗು ಮತ್ತೆ ಬಂದು ಕೇಳುತ್ತಿರಲಿಲ್ಲ. ಕೇಳುವುದನ್ನು ನಿಲ್ಲಿಸಿದವರು ಬರೆಯುವುದನ್ನೂ ಕಡಿಮೆ ಮಾಡುತ್ತಿದ್ದರು. ಹೇಗೂ ಮೇಷ್ಟ್ರು ಮಾಡುತ್ತಾರಲ್ಲ. ಅದು ನನಗೆ ಕಾಣಿಸುತ್ತಿತ್ತು.

ನೀನು ಕೇಳಲೇ ಇಲ್ಲ. ಪಾರಿವಾಳ ನೋಡಿ ನೀನು ನಕ್ಕೆ, ಅದು ನಿನ್ನದೇ ಎಂದು ನಂಬಿಬಿಟ್ಟೆ. ನಿನ್ನ ಮೇಲೆ ನನಗೆ ಅಷ್ಟು ಅಕ್ಕರೆ ಇದ್ದದ್ದು ಅದಕ್ಕೇ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ನೀನು ಕಾಲೇಜು ಸೇರಿದಾಗ ಹೇಳಬೇಕೆಂದುಕೊಂಡೆ. ಮದುವೆಯಲ್ಲೂ ಅಂದುಕೊಂಡೆ. ಹೊತ್ತಾದಷ್ಟೂ ಕಷ್ಟವಾಯಿತು. ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ಹೇಳುವುದಿಲ್ಲ.

ಮೇಷ್ಟ್ರು


ಡಿಸೆಂಬರ್ 4

ಮೇಷ್ಟ್ರೇ,

ಮಂಡಳಿಗೆ ಬರೆದು ಕೊಟ್ಟೆ. ಮೂರು ಚಿತ್ರ ನನ್ನವು, ಬಹುಮಾನ ಮಕ್ಕಳ ಹತ್ತಿರವೇ ಇರಲಿ, ತಪ್ಪು ನನ್ನದು ಎಂದು. ನಿಮ್ಮ ವಿಷಯ ಬರೆಯಲಿಲ್ಲ. ಅದನ್ನು ಬರೆಯಬೇಕಾದವರು ನೀವು, ಬರೆಯುವುದಿದ್ದರೆ. ತೀರ್ಮಾನ ಬಂತು: ಡ್ರಾಯಿಂಗ್ ಇನ್ನು ಎರಡನೇ ತರಗತಿಗೆ ಮಾತ್ರ, ಬುಧವಾರ ಒಂದು ಪೀರಿಯಡ್, ಮಾರ್ಚ್ ಕೊನೆಯವರೆಗೆ. ಆಮೇಲೆ ಅದೂ ಇಲ್ಲ, ನಾನೂ ಇಲ್ಲ. ಗಣಿತದ ಮೇಡಂ ಬಂದು ಕೈ ಹಿಡಿದು ಥ್ಯಾಂಕ್ಸ್ ಹೇಳಿದರು. ಮನೆಯಲ್ಲಿ ಇವರು, "ಕಾಗದ ಕೊಡೋ ಮುಂಚೆ ನನ್ನನ್ನೊಂದು ಮಾತು ಕೇಳಬಾರದಿತ್ತಾ?" ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದರು.

ನಿನ್ನೆ ಬುಧವಾರ. ಗುಬ್ಬಚ್ಚಿಯ ಬೆಂಚಿನ ಪಕ್ಕ ಕೂತು, "ಆ ಬಸ್ಸು ಓಡಿಸಿದ್ದು ನಾನು. ನಿನ್ನನ್ನ ಕೇಳಲಿಲ್ಲ, ತಪ್ಪಾಯ್ತು" ಎಂದೆ.

"ಗೊತ್ತು ಮಿಸ್" ಎಂದಳು.

ಹೊಸ ಹಾಳೆ ಕೊಟ್ಟೆ. ನಿಂತ ಬಸ್ಸನ್ನು ಮತ್ತೆ ಬರೆ, ಅಮ್ಮ ಎಷ್ಟು ಎತ್ತರ ಬೇಕಾದರೂ ಇರಲಿ, ಕೈ ಜೇಬಲ್ಲೇ ಇರಲಿ ಎಂದೆ. ಅವಳು ಹಾಳೆ ನೋಡಿದಳು. ಪೆನ್ಸಿಲ್ ಎತ್ತಿದಳು. ಆಮೇಲೆ ಅದನ್ನು ತಿರುಗಿಸಿ ನನ್ನ ಕಡೆ ಚಾಚಿದಳು, ದೊಡ್ಡವರಿಗೆ ಕೊಡುವ ಹಾಗೆ ಹಿಡಿಯುವ ತುದಿ ನನ್ನತ್ತ ಮಾಡಿ.

"ನೀವೇ ಬರೀರಿ ಮಿಸ್. ನಿಮ್ದೇ ಚೆನ್ನಾಗಿರುತ್ತೆ."

ಕೋಪವಿರಲಿಲ್ಲ ಅವಳ ದನಿಯಲ್ಲಿ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಪೆನ್ಸಿಲ್ ತೆಗೆದುಕೊಂಡು ಅವಳ ಹಾಳೆಯ ಪಕ್ಕಕ್ಕೆ ಇಟ್ಟೆ. ಅವಳು ಮತ್ತೆ ನನ್ನ ಕಡೆ ಉರುಳಿಸಿದಳು. ನಾನು ಮತ್ತೆ ಅವಳ ಕಡೆ ಉರುಳಿಸಿದೆ. ಅಕ್ಕಪಕ್ಕದವರು ಇದೇನೋ ಆಟವೆಂದು ಬಂದು ನಿಂತು ನೋಡಿದರು, ಬೇಜಾರಾಗಿ ಹೋದರು. ಬೆಲ್ ಆಯಿತು. ಹಾಳೆ ಖಾಲಿ.

ಅದನ್ನು ಅವಳ ಡೆಸ್ಕಿನೊಳಗೇ ಬಿಟ್ಟು ಬಂದಿದ್ದೇನೆ. ಮಾರ್ಚ್ ಮುಗಿಯುವವರೆಗೆ ಇನ್ನು ಹದಿನಾರು ಬುಧವಾರಗಳಿವೆ, ಕ್ಯಾಲೆಂಡರ್ ನೋಡಿ ಎಣಿಸಿದೆ. ಅಷ್ಟೂ ದಿನ ಆ ಬೆಂಚಿನ ಪಕ್ಕ ಕೂರುತ್ತೇನೆ. ಪೆನ್ಸಿಲ್ ಮಾತ್ರ ಮುಟ್ಟುವುದಿಲ್ಲ.

ಡ್ರಾಯಿಂಗ್ ಟೀಚರ್